ಮೂತ್ರಪಿಂಡ ಕ್ಯಾನ್ಸರ್‌ನ ಜಾಗತಿಕ ಹರಡುವಿಕೆ

ಮೂತ್ರಪಿಂಡ ಕ್ಯಾನ್ಸರ್ ಮೂತ್ರಪಿಂಡದ ಜೀವಕೋಶಗಳು ಅಂಕೆಮೀರಿ ಬೆಳೆಯುವುದರಿಂದ ಉಂಟಾಗುವ ರೋಗ. ಗ್ಲೋಬೊಕ್ಯಾನ್ ಅಂದಾಜಿನ ಪ್ರಕಾರ 2020ರಲ್ಲಿ ವಿಶ್ವದಾದ್ಯಂತ ಸುಮಾರು 4.3 ಲಕ್ಷ ಹೊಸ ಪ್ರಕರಣಗಳು ಕಂಡುಬಂದವು; ಸುಮಾರು 1.8 ಲಕ್ಷ ಮಂದಿ ಈ ರೋಗದಿಂದ ಮೃತಪಟ್ಟರು. ಪುರುಷರಲ್ಲಿ ಇದರ ಪ್ರಮಾಣ ಮಹಿಳೆಯರಿಗಿಂತ ಹೆಚ್ಚುಕಡಿಮೆ ಇಮ್ಮಡಿಯಾಗಿದೆ.

ಭೌಗೋಳಿಕ ವ್ಯತ್ಯಾಸ

ಯುರೋಪ್ ಮತ್ತು ಉತ್ತರ ಅಮೆರಿಕದಲ್ಲಿ ರೋಗದ ದರ ಹೆಚ್ಚಾಗಿದ್ದು, ಆಫ್ರಿಕಾ ಹಾಗೂ ದಕ್ಷಿಣ ಏಷ್ಯಾದಲ್ಲಿ ಕಡಿಮೆಯಿದೆ. ಜೆಕ್ ಗಣರಾಜ್ಯ ಮತ್ತು ಲಿಥುವೇನಿಯ ಅತಿ ಹೆಚ್ಚಿನ ದರವುಳ್ಳ ದೇಶಗಳ ಸಾಲಿನಲ್ಲಿವೆ. ಆದರೆ ಈ ಅಂಕಿಗಳು ರೋಗದ ಜೊತೆಗೆ ತಪಾಸಣೆಯ ಪ್ರಮಾಣವನ್ನೂ ಬಿಂಬಿಸುತ್ತವೆ. ಬೇರೆ ಕಾರಣಕ್ಕೆ ಮಾಡಿಸಿದ ಅಲ್ಟ್ರಾಸೌಂಡ್ ಅಥವಾ ಸಿ.ಟಿ. ಸ್ಕ್ಯಾನ್‌ನಲ್ಲಿ ಅನೇಕ ಸಣ್ಣ ಗೆಡ್ಡೆಗಳು ಆಕಸ್ಮಿಕವಾಗಿ ಪತ್ತೆಯಾಗುತ್ತವೆ. ಇಂತಹ ಸೌಲಭ್ಯ ವಿರಳವಾಗಿರುವೆಡೆ ರೋಗ ಪತ್ತೆಯಾಗದೆ ಉಳಿಯಬಹುದು. ಭಾರತದಲ್ಲಿ ಜನಸಂಖ್ಯಾಧಾರಿತ ಕ್ಯಾನ್ಸರ್ ನೋಂದಣಿ ದೇಶದ ಒಂದು ಸಣ್ಣ ಭಾಗವನ್ನಷ್ಟೇ ಒಳಗೊಂಡಿದೆ. ಆದ್ದರಿಂದ ಕಡಿಮೆ ದರವನ್ನು ಕಡಿಮೆ ಅಪಾಯವೆಂದು ನೇರವಾಗಿ ಅರ್ಥೈಸಲಾಗದು.

ಅಪಾಯಕಾರಿ ಅಂಶಗಳು

ಧೂಮಪಾನ, ಬೊಜ್ಜು ಮತ್ತು ಅಧಿಕ ರಕ್ತದೊತ್ತಡ ಮುಖ್ಯ ಅಪಾಯಕಾರಿ ಅಂಶಗಳು. ಧೂಮಪಾನ ತ್ಯಜಿಸಿದವರಲ್ಲಿ ಅಪಾಯ ಕ್ರಮೇಣ ತಗ್ಗುತ್ತದೆ. ದೀರ್ಘಕಾಲ ಡಯಾಲಿಸಿಸ್ ಪಡೆಯುವವರಲ್ಲಿ ಮತ್ತು ವಾನ್ ಹಿಪ್ಪೆಲ್-ಲಿಂಡೌ ಎಂಬ ಆನುವಂಶಿಕ ಕಾಯಿಲೆ ಇರುವವರಲ್ಲಿಯೂ ಅಪಾಯ ಹೆಚ್ಚು. ಲೋಹದ ಭಾಗಗಳ ಜಿಡ್ಡು ತೆಗೆಯಲು ಬಳಸುವ ಟ್ರೈಕ್ಲೋರೊಎಥಿಲೀನ್ ಮೂತ್ರಪಿಂಡ ಕ್ಯಾನ್ಸರ್‌ಗೆ ಕಾರಣವಾಗುತ್ತದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ನಿರ್ಣಯಿಸಿದೆ.

ಇತ್ತೀಚಿನ ಸಂಶೋಧನೆ

ಮೇಲಿನ ಅಂಶಗಳು ದೇಶದೇಶಗಳ ನಡುವಿನ ಅಂತರವನ್ನು ಪೂರ್ಣವಾಗಿ ವಿವರಿಸುವುದಿಲ್ಲ. 2024ರಲ್ಲಿ ಪ್ರಕಟವಾದ ಅಧ್ಯಯನವೊಂದು 11 ದೇಶಗಳ 962 ರೋಗಿಗಳ ಗೆಡ್ಡೆಗಳ ಡಿ.ಎನ್.ಎ.ಯನ್ನು ಪರಿಶೀಲಿಸಿತು. ರೊಮೇನಿಯ ಮತ್ತು ಸರ್ಬಿಯದ ಹಲವು ರೋಗಿಗಳಲ್ಲಿ ಅರಿಸ್ಟೊಲೊಕಿಕ್ ಆಮ್ಲವು ಉಳಿಸಿಹೋಗುವ ಗುರುತು ಕಂಡುಬಂತು. ಈ ಆಮ್ಲವು ಅರಿಸ್ಟೊಲೊಕಿಯ ಜಾತಿಯ ಸಸ್ಯಗಳಲ್ಲಿದೆ. ಭಾರತದ ನಾಟಿವೈದ್ಯದಲ್ಲಿ ಬಳಕೆಯಲ್ಲಿರುವ ಈಶ್ವರಿ ಬಳ್ಳಿಯೂ ಇದೇ ಜಾತಿಗೆ ಸೇರಿದೆ. ಜಪಾನಿನ ಶೇ. 70ಕ್ಕೂ ಹೆಚ್ಚು ರೋಗಿಗಳಲ್ಲಿ ಇತರೆಡೆ ಅಪರೂಪವಾದ ಮತ್ತೊಂದು ಗುರುತು ದೊರೆಯಿತು. ಅದರ ಮೂಲ ತಿಳಿದುಬಂದಿಲ್ಲ. ಹೀಗೆ ಕೆಲವು ಪ್ರದೇಶಗಳಲ್ಲಿ ಪರಿಸರದಲ್ಲಿನ ಅಜ್ಞಾತ ವಸ್ತುಗಳೂ ರೋಗಕ್ಕೆ ಕಾರಣವಾಗುತ್ತಿರಬಹುದು ಎಂಬ ಸಂಶಯ ಬಲಗೊಂಡಿದೆ.

ತಡೆಗಟ್ಟುವಿಕೆ

ತಂಬಾಕು, ದೇಹತೂಕ ಮತ್ತು ರಕ್ತದೊತ್ತಡಗಳ ನಿಯಂತ್ರಣ ಎಲ್ಲ ದೇಶಗಳಿಗೂ ಅನ್ವಯಿಸುವ ಕ್ರಮ. ಸ್ಥಳೀಯ ಕಾರಣಗಳನ್ನು ಗುರುತಿಸಲು ಆಯಾ ಪ್ರದೇಶದ ರೋಗಿಗಳ ಸಮರ್ಪಕ ನೋಂದಣಿ ಅಗತ್ಯ. ರೋಗದ ದರ ಕಡಿಮೆಯೆಂದು ದಾಖಲಾಗಿರುವ ದೇಶಗಳಲ್ಲಿಯೇ ಇಂತಹ ನೋಂದಣಿಯ ಕೊರತೆ ಹೆಚ್ಚಾಗಿದೆ.