ಮೊದಲು ಪಾಯಿಂಟಿನ ಬೆಲೆ ಹೇಳಿ, ಆಮೇಲೆ ಕಾರ್ಡ್ ಮಾರಿ

‘ವಿಮಾನ ನಿಲ್ದಾಣದಲ್ಲಿ ಲೌಂಜ್ ಉಚಿತ, ಪಾಯಿಂಟಿನಲ್ಲಿ ಟಿಕೆಟ್ ಉಚಿತ.’ ಮಣಿಪಾಲದಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರಿಗೂ ಕಾಪುವಿನ ಅಂಗಡಿ ಮಾಲೀಕರಿಗೂ ಕಾರ್ಡ್ ಮಾರುವವರು ಹೇಳುವುದು ಇದನ್ನೇ. ವರ್ಷಕ್ಕೆ ಸಾವಿರಾರು ರೂಪಾಯಿ ಶುಲ್ಕ ಕಟ್ಟಿಸಿಕೊಂಡು ಕೊಡುವುದು ಉಚಿತ ಹೇಗಾದೀತು? ನಮ್ಮ ಉಡುಪಿ ಜಿಲ್ಲೆಯ ಬಹುಪಾಲು ಕುಟುಂಬಗಳಿಗೆ ಪ್ರಯಾಣದ ಕ್ರೆಡಿಟ್ ಕಾರ್ಡ್ ನಷ್ಟದ ಬಾಬತ್ತು.

ಲೆಕ್ಕ ಹಾಕಿ ನೋಡಿ. ಶುಲ್ಕ 5,000 ರೂಪಾಯಿ, ಶೇ 18 ಜಿಎಸ್‌ಟಿ 900, ಒಟ್ಟು 5,900. ನೂರು ರೂಪಾಯಿ ಖರ್ಚಿಗೆ ಎರಡು ಪಾಯಿಂಟ್, ಪಾಯಿಂಟಿಗೆ 25 ಪೈಸೆ ಎಂದಿಟ್ಟುಕೊಂಡರೆ, ಕೊಟ್ಟ ಶುಲ್ಕ ಹುಟ್ಟಬೇಕಾದರೆ 11.80 ಲಕ್ಷ ರೂಪಾಯಿ ಖರ್ಚು ಮಾಡಬೇಕು. ಪಾಯಿಂಟಿಗೆ ಒಂದು ರೂಪಾಯಿ ಸಿಕ್ಕರೆ 2.95 ಲಕ್ಷ ಸಾಕು. ಇಡೀ ವ್ಯವಹಾರ ನಿಂತಿರುವುದೇ ಆ ಬೆಲೆಯ ಮೇಲೆ. ಮಾರುವಾಗ ಮುಚ್ಚಿಡುವುದೂ ಅದನ್ನೇ. ಲೌಂಜಿಗೂ ಈಗ ಹಲವು ಕಾರ್ಡುಗಳಲ್ಲಿ ಮೂರು ತಿಂಗಳಿಗೆ ಇಂತಿಷ್ಟು ಖರ್ಚಾಗಿರಬೇಕೆಂಬ ಷರತ್ತಿದೆ.

ನಮ್ಮವರ ಓಡಾಟ ಎಂಥದ್ದು? ಕಾರ್ಕಳದಿಂದ ಬೆಂಗಳೂರಿಗೆ ರಾತ್ರಿ ಬಸ್ಸು, ಉಡುಪಿಯಿಂದ ಮುಂಬಯಿಗೆ ಮತ್ಸ್ಯಗಂಧ ರೈಲು. ವಿಮಾನಕ್ಕೆ ಬಜ್ಪೆವರೆಗೆ ಹೋಗಬೇಕು. ವರ್ಷಕ್ಕೊಮ್ಮೆ ದುಬೈಯಲ್ಲಿರುವ ಮಗನ ಮನೆಗೆ ಹೋಗಿಬರುವವರು ಲೌಂಜಿನಲ್ಲಿ ಎಷ್ಟು ಊಟ ಮಾಡಿದರೆ 5,900 ರೂಪಾಯಿ ತೀರೀತು? ಅಲ್ಲಿ ದಿರ್ಹಮಿನಲ್ಲಿ ಕಾರ್ಡ್ ಉಜ್ಜಿದರೆ ಅನೇಕ ಬ್ಯಾಂಕುಗಳು ಶೇ 3.5ರಷ್ಟು ಶುಲ್ಕವನ್ನೂ ಅದರ ಮೇಲೆ ಜಿಎಸ್‌ಟಿಯನ್ನೂ ಹಿಡಿಯುತ್ತವೆ. ಪಾಯಿಂಟಿನಲ್ಲಿ ಬಂದದ್ದು ಅಲ್ಲೇ ಹೋಯಿತು.

ಪದೇ ಪದೇ ಸಮ್ಮೇಳನಗಳಿಗೆ ಹಾರುವ, ತಿಂಗಳ ಬಿಲ್ಲನ್ನು ಚಾಚೂ ತಪ್ಪದೆ ಪೂರ್ತಿ ಕಟ್ಟುವ ಮಣಿಪಾಲದ ವೈದ್ಯರಿಗೆ ಈ ಕಾರ್ಡಿನಿಂದ ಲಾಭವಿದೆ, ಒಪ್ಪೋಣ. ಆದರೆ ಆ ಲಾಭಕ್ಕೆ ದುಡ್ಡು ಕೊಡುವವರು ಯಾರು? ವಹಿವಾಟಿಗಿಷ್ಟು ಎಂದು ಕಮಿಷನ್ ತೆರುವ ಅಂಗಡಿಯವರು, ಬಾಕಿ ಉಳಿಸಿಕೊಂಡು ಬಡ್ಡಿ ಕಟ್ಟುವವರು. 50,000 ರೂಪಾಯಿ ಬಾಕಿಗೆ ಶೇ 3.5ರಂತೆ ಒಂದೇ ತಿಂಗಳ ಬಡ್ಡಿ 1,750, ಜಿಎಸ್‌ಟಿ 315. ಬಾಕಿಯ ಬಡ್ಡಿ ವರ್ಷಕ್ಕೆ ಶೇ 30 ಮೀರಬಾರದೆಂದು 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಹೇಳಿತ್ತು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಪಡಿಸಿದ ಮೇಲೆ ಆ ಆಸರೆಯೂ ಇಲ್ಲ.

ನಮ್ಮದು ಬ್ಯಾಂಕುಗಳನ್ನು ಹೆತ್ತ ಜಿಲ್ಲೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್, 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿ ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಲ್ಲೇ ಸಂಗ್ರಹಿಸಿತು. ಬಡವರ ಕೈಯಲ್ಲಿ ನಾಲ್ಕು ಕಾಸು ಉಳಿಯಲೆಂದು ಬ್ಯಾಂಕು ಮನೆಗೆ ಬಂದ ಜಿಲ್ಲೆಯಲ್ಲಿ, ಇಂತಿಷ್ಟು ಖರ್ಚು ಮಾಡಿದರೆ ಶುಲ್ಕ ಮನ್ನಾ ಎಂದು ಆಸೆ ತೋರಿಸಿ, ಬೇಡದ್ದನ್ನೂ ಕೊಳ್ಳಿರೆಂದು ಜನರನ್ನು ಹುರಿದುಂಬಿಸುವುದು ಅನ್ಯಾಯ.

ರಿಸರ್ವ್ ಬ್ಯಾಂಕಿನ ನಿಯಮದಂತೆ ಅರ್ಜಿಯ ಜತೆ ಬಡ್ಡಿ, ಶುಲ್ಕಗಳ ಒಂದು ಪುಟದ ವಿವರ ಕೊಡಲೇಬೇಕು. ಪಾಯಿಂಟಿನ ರೂಪಾಯಿ ಬೆಲೆಯನ್ನೂ ಲೌಂಜಿನ ಷರತ್ತನ್ನೂ ಅದೇ ಪುಟದಲ್ಲಿ ಕನ್ನಡದಲ್ಲಿ ಅಚ್ಚು ಹಾಕಿಸಬೇಕು. ಶುಲ್ಕ ಕಟ್ಟಿದ ವರ್ಷ ಮುಗಿಯುವ ತನಕ ಅವನ್ನು ಬದಲಿಸಕೂಡದು. ಇದು ಬ್ಯಾಂಕುಗಳು ಮಾಡಬೇಕಾದ ಕೆಲಸ. ನಮ್ಮ ಕೆಲಸವೂ ಇದೆ: ಕಳೆದ ವರ್ಷದ ಬಿಲ್ಲುಗಳನ್ನು ಮುಂದಿಟ್ಟುಕೊಂಡು ಕೂಡಿ ನೋಡುವುದು. ಶುಲ್ಕ ಹುಟ್ಟದಿದ್ದರೆ ಬಾಕಿ ತೀರಿಸಿ, ಕಾರ್ಡ್ ಮುಚ್ಚಲು ಅರ್ಜಿ ಕೊಡಿ. ಏಳು ಕೆಲಸದ ದಿನಗಳಲ್ಲಿ ಮುಚ್ಚದಿದ್ದರೆ ದಿನಕ್ಕೆ 500 ರೂಪಾಯಿಯಂತೆ ಬ್ಯಾಂಕೇ ನಿಮಗೆ ದಂಡ ಕೊಡಬೇಕು. ಆ ಹಕ್ಕನ್ನು ಕೇಳಿ ಪಡೆಯಿರಿ.