ಹಳೇ ಗಿಟಾರಿಗೆ ಡ್ಯೂಕೋ ಹೊಡೆಯುವವರಿಗೆ

"ಫುಲ್ಲಿ ರೀಸ್ಟೋರ್ಡ್, ಲೈಕ್ ನ್ಯೂ" ಅಂತ ಬರೆದು ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಗಿಟಾರಿನ ಫೋಟೋ ಹಾಕಿರುತ್ತಾರಲ್ಲ, ಅದನ್ನು ನೋಡಿದಾಗಲೆಲ್ಲ ನನಗೆ ಬರುವ ಅನುಮಾನ ಒಂದೇ. ಈ ಪುಣ್ಯಾತ್ಮ ರಿಪೇರಿ ಅಂತ ಮಾಡಿದ್ದಾದರೂ ಏನು? ಫೋಟೋದಲ್ಲಿ ಕಾಣುವುದು ಬಣ್ಣ. ಗ್ಯಾರೇಜಿನಿಂದ ಈಗಷ್ಟೇ ಹೊರಬಂದ ಕಾರಿನ ಹಾಗೆ ಮಿರಮಿರ ಮಿಂಚುವ ಕೆಂಪು ಡ್ಯೂಕೋ ಪೇಂಟು. ಒಳಗೇನಿದೆ ಅಂತ ಒಂದು ಫೋಟೋನೂ ಇರೋದಿಲ್ಲ.

ರೀಸ್ಟೋರ್ ಅನ್ನೋದಕ್ಕೆ ನಮ್ಮಲ್ಲಿ ಜೀರ್ಣೋದ್ಧಾರ ಅನ್ನೋ ಒಳ್ಳೆ ಶಬ್ದ ಇದೆ. ಆದರೆ ನಮ್ಮೂರುಗಳಲ್ಲಿ ಜೀರ್ಣೋದ್ಧಾರ ಅಂದ್ರೆ ಏನಾಗಿದೆ ನಿಮಗೇ ಗೊತ್ತು. ಕಲ್ಲಿನ ಕಂಬಕ್ಕೆ ಆಯಿಲ್ ಪೇಂಟು, ನೆಲಕ್ಕೆ ಬಾತ್‌ರೂಮ್ ಟೈಲ್ಸು, ಮೇಲೊಂದು ದಾನಿಗಳ ಹೆಸರಿನ ಬೋರ್ಡು. ಮಳೆ ಬಂದರೆ ಗರ್ಭಗುಡಿ ಮೊದಲಿನ ಹಾಗೇ ಸೋರುತ್ತಿರುತ್ತೆ. ಗಿಟಾರಿನಲ್ಲೂ ಈಗ ನಡೀತಿರೋದು ಇದೇ ಕಥೆ.

ನೋಡಿ, ಎಲೆಕ್ಟ್ರಿಕ್ ಗಿಟಾರಿನಷ್ಟು ಸುಲಭವಾಗಿ ರಿಪೇರಿ ಆಗುವ ವಾದ್ಯ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಲಿಯೋ ಫೆಂಡರ್ ಅನ್ನೋ ಮನುಷ್ಯ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ನಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟುಕೊಂಡಿದ್ದವನು. ಅವನಿಗೆ ಗಿಟಾರ್ ನುಡಿಸೋಕೇ ಬರ್ತಿರಲಿಲ್ಲ. ಆದರೆ ಬಿಚ್ಚೋದು ಜೋಡಿಸೋದು ಚೆನ್ನಾಗಿ ಗೊತ್ತಿತ್ತು. ಅದಕ್ಕೇ 1954ರಲ್ಲಿ ಬಂದ ಸ್ಟ್ರಾಟೋಕ್ಯಾಸ್ಟರಿನ ಕುತ್ತಿಗೆಯನ್ನು ಅಂಟು ಹಾಕಿ ಕೂರಿಸದೆ ನಾಲ್ಕು ಸ್ಕ್ರೂಗಳಲ್ಲಿ ಬಿಗಿದ. ಪಿಕಪ್ಪುಗಳು, ವಾಲ್ಯೂಮು, ಟೋನು ಎಲ್ಲವನ್ನೂ ಒಂದೇ ಪ್ಲಾಸ್ಟಿಕ್ ಹಲಗೆಗೆ ಜೋಡಿಸಿದ. ನಮ್ಮಲ್ಲಿ ಸಿಗುವ ಅಗ್ಗದ ಕಾಪಿಗಳಲ್ಲಿ ಬಹುಪಾಲು ಇದೇ ವಿನ್ಯಾಸದವು. ಒಂದು ಸ್ಕ್ರೂಡ್ರೈವರ್, ಒಂದು ಸೋಲ್ಡರಿಂಗ್ ಐರನ್, ಒಂದು ಮಲ್ಟಿಮೀಟರ್ ಇದ್ದರೆ ಅರ್ಧ ಯುದ್ಧ ಗೆದ್ದ ಹಾಗೆ.

ಹೀಗಿದ್ದೂ ಅಂಗಡಿಗೆ ಹಳೇ ಗಿಟಾರು ತಗೊಂಡು ಹೋದರೆ ಎರಡೇ ಉತ್ತರ. ಒಂದು, "ಇದಕ್ಕೆ ದುಡ್ಡು ಹಾಕೋದು ವೇಸ್ಟ್ ಸಾರ್, ಹೊಸದು ತಗೊಳ್ಳಿ". ಎರಡು, "ಪೇಂಟ್ ಮಾಡಿಸಿಬಿಡೋಣ". ಮೊದಲನೆಯದು ವ್ಯಾಪಾರ, ಅರ್ಥವಾಗುತ್ತೆ. ಎರಡನೆಯದೇ ನನಗೆ ತಲೆಬಿಸಿ.

ಹತ್ತು ವರ್ಷ ಅಟ್ಟದ ಮೇಲೆ ಬಿದ್ದಿದ್ದ ಗಿಟಾರಿಗೆ ನಿಜವಾಗಿ ಏನಾಗಿರುತ್ತೆ? ವಾಲ್ಯೂಮ್ ತಿರುಗಿಸಿದರೆ ಕರಕರ ಅನ್ನುತ್ತೆ. ಅದು ಒಳಗಿನ ಕಾರ್ಬನ್ ಪಟ್ಟಿಯ ಮೇಲೆ ಕೂತ ಧೂಳು. ಕಾಂಟ್ಯಾಕ್ಟ್ ಕ್ಲೀನರ್ ಒಂದೆರಡು ಸಲ ಬಿಟ್ಟು ಇಪ್ಪತ್ತು ಸಲ ಆ ಕಡೆ ಈ ಕಡೆ ತಿರುಗಿಸಿದರೆ ಎಷ್ಟೋ ಸಲ ಸರಿಹೋಗುತ್ತೆ. (ಬಾಗಿಲ ತಿರುಗಣೆಗೆ ಹೊಡೆಯುವ ಎಣ್ಣೆ ಸ್ಪ್ರೇ ಅಲ್ಲ ಮಾರಾಯ್ರೆ, ಅದು ಜಿಡ್ಡು ಉಳಿಸಿ ಇನ್ನಷ್ಟು ಧೂಳು ಹಿಡಿಸುತ್ತೆ.) ಹೋಗದಿದ್ದರೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಒಂದು ಮಸಾಲೆ ದೋಸೆ ದುಡ್ಡಿಗೆ ಹೊಸ ಕಂಟ್ರೋಲ್ ಸಿಗುತ್ತೆ. ಪಿಕಪ್ ಸತ್ತಿದೆಯಾ ಅಂತ ಅನುಮಾನವೇ? ಮೀಟರ್ ಹಿಡಿಯಿರಿ. ಸ್ಟ್ರಾಟ್ ಮಾದರಿಯ ಸಿಂಗಲ್ ಕಾಯಿಲ್ ಸಾಮಾನ್ಯವಾಗಿ 5ರಿಂದ 7 ಕಿಲೋ ಓಮ್ ತೋರಿಸುತ್ತೆ. ಏನೂ ತೋರಿಸದಿದ್ದರೆ ಎಲ್ಲೋ ತಂತಿ ತುಂಡಾಗಿದೆ ಅಂತ ಅರ್ಥ. ಒಳಗೆ ಸುತ್ತಿರೋದು ಸುಮಾರು 0.06 ಮಿಲಿಮೀಟರ್ ದಪ್ಪದ ತಾಮ್ರದ ಎಳೆ, ಸಾವಿರಾರು ಸುತ್ತು. ಅದೃಷ್ಟ ಇದ್ದರೆ ತುಂಡಾಗಿರೋದು ಹೊರಗಿನ ವೈರು ಸೇರುವ ತುದಿಯಲ್ಲೇ, ಒಂದು ಚುಕ್ಕೆ ಬೆಸುಗೆಗೆ ಜೀವ ಬಂದುಬಿಡುತ್ತೆ.

ಕುತ್ತಿಗೆ ಬಾಗಿರುತ್ತೆ. ಒಳಗೆ ಉಕ್ಕಿನ ಸರಳಿದೆ, ಅದರ ನಟ್ಟನ್ನು ಒಮ್ಮೆಗೆ ಕಾಲು ಸುತ್ತಷ್ಟೇ ತಿರುಗಿಸಿ, ಒಂದು ರಾತ್ರಿ ಬಿಟ್ಟು ಮತ್ತೆ ನೋಡಬೇಕು. ಮೊದಲ ಫ್ರೆಟ್ಟನ್ನೂ ಕೊನೆಯದನ್ನೂ ಒಟ್ಟಿಗೆ ಒತ್ತಿ ಹಿಡಿದಾಗ ಏಳನೇ ಫ್ರೆಟ್ಟಿನ ಹತ್ತಿರ ವಿಸಿಟಿಂಗ್ ಕಾರ್ಡು ತೂರುವಷ್ಟು ಸಂದು ಇದ್ದರೆ ಸಾಕು. ಫ್ರೆಟ್ಟುಗಳ ಮೇಲೆ ಹಸಿರು ಕಿಲುಬು ಕಟ್ಟಿರುತ್ತೆ. ಹೆಸರು ನಿಕಲ್ ಸಿಲ್ವರ್ ಅಂತಿದ್ದರೂ ಅದರಲ್ಲಿ ಬೆಳ್ಳಿ ಚೂರೂ ಇಲ್ಲ, ಹೆಚ್ಚಿನ ಪಾಲು ತಾಮ್ರ. ನಯವಾದ ಸ್ಟೀಲ್ ವುಲ್ಲಿನಲ್ಲಿ ಉಜ್ಜಿದರೆ ಹೋಯ್ತು, ಆದರೆ ಪಿಕಪ್ಪುಗಳ ಮೇಲೆ ಟೇಪು ಅಂಟಿಸಿಕೊಳ್ಳಿ. ಇಲ್ಲದಿದ್ದರೆ ಅಯಸ್ಕಾಂತ ಆ ಉಕ್ಕಿನ ಪುಡಿಯನ್ನೆಲ್ಲ ಹೀರಿಕೊಂಡು ಕೂರುತ್ತೆ.

ಇನ್ನು ಬೆರಳಾಡುವ ಹಲಗೆ. ಹಳೇ ಗಿಟಾರುಗಳಲ್ಲಿ ಅದು ಬೀಟೆ ಆಗಿರೋದು ಸಾಮಾನ್ಯ. ನಮ್ಮ ಮಲೆನಾಡಿನಲ್ಲೂ ಬೆಳೆಯುವ ಅದೇ ಬೀಟೆ ಸ್ವಾಮಿ! ಬ್ರೆಜಿಲ್‌ನ ಬೀಟೆ ಸಿಗೋದು ಕಷ್ಟ ಆದಮೇಲೆ ಅಮೆರಿಕದ ದೊಡ್ಡ ಕಂಪನಿಗಳು 1960ರ ದಶಕದಿಂದ ಭಾರತದ ಬೀಟೆಗೆ ಬಂದವು. 2017ರಲ್ಲಿ ಇದಕ್ಕೆ ಅಂತರರಾಷ್ಟ್ರೀಯ ಪರವಾನಗಿ ಬೇಕು ಅಂತಾಗಿ ವಾದ್ಯ ತಯಾರಕರು ಲಬೋ ಲಬೋ ಬಾಯಿ ಬಡಿದುಕೊಂಡರು, 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಬಂತು. ಅಂಥಾ ಮರದ ಮೇಲೆ ಕಪ್ಪು ಬೂಟ್ ಪಾಲಿಶ್ ಬಳಿದು "ಎಬನಿ" ಅಂತ ಮಾರಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಏನು ಹೇಳೋಣ!

ಇದಕ್ಕಿಂತ ಹೊಟ್ಟೆ ಉರಿಸೋದು ಸ್ಟಿಕ್ಕರ್ ಕೆಲಸ. ಆಮದು ಗಿಟಾರು ಕನಸಾಗಿದ್ದ ಕಾಲದಲ್ಲಿ ಕಲ್ಕತ್ತೆಯ ಗಿವ್ಸನ್, ಹೊಬ್ನರ್ ಗಿಟಾರುಗಳ ಮೇಲೆ ಎಷ್ಟು ಜನ ಹುಡುಗರು ಬೆರಳು ಸವೆಸಿಕೊಂಡಿಲ್ಲ? ಆ ಹೆಸರನ್ನು ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ ಅಳಿಸಿ ಫೆಂಡರ್ ಅಂತ ಅಂಟಿಸೋದು ಯಾವ ಸೀಮೆ ಜೀರ್ಣೋದ್ಧಾರ? ಅದಕ್ಕೆ ಕನ್ನಡದಲ್ಲಿ ಮೋಸ ಅಂತಾರೆ.

"ಗೀರು ಬಿದ್ದ ಗಿಟಾರನ್ನ ಯಾರು ತಗೋತಾರೆ?" ಅಂತ ಕೇಳುವವರಿದ್ದಾರೆ. ಐರ್ಲೆಂಡಿನ ರೋರಿ ಗ್ಯಾಲಘರ್ 1963ರಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ಕೊಂಡ 1961ರ ಸ್ಟ್ರಾಟ್ ಇದೆಯಲ್ಲ, ಅದರ ಫೋಟೋ ಹುಡುಕಿ ನೋಡಿ. ಬೆವರಿಗೆ ಬಣ್ಣವೆಲ್ಲ ಕಿತ್ತುಹೋಗಿ ಬರೀ ಮರ. ಫ್ರೆಟ್ಟುಗಳನ್ನು ಆತ ಮತ್ತೆ ಮತ್ತೆ ಬದಲಾಯಿಸಿದ, ಸ್ವರ ಕೂಡಿಸುವ ಕಿವಿಗಳಲ್ಲಿ ಒಂದು ಉಳಿದವುಗಳ ಜಾತಿಯದ್ದೇ ಅಲ್ಲ. ಸವೆದದ್ದನ್ನು ಬದಲಾಯಿಸಿದ, ಬಣ್ಣದ ತಂಟೆಗೆ ಹೋಗಲಿಲ್ಲ. 2024ರ ಅಕ್ಟೋಬರಿನಲ್ಲಿ ಲಂಡನ್ನಿನ ಹರಾಜಿನಲ್ಲಿ ಅದು ಎಂಟು ಲಕ್ಷ ಪೌಂಡಿಗೂ ಮೀರಿ ಹೋಗಿ, ಐರ್ಲೆಂಡಿನ ರಾಷ್ಟ್ರೀಯ ಮ್ಯೂಸಿಯಂ ಸೇರುವಂತಾಯಿತು. ಹಳೇ ಅಮೆರಿಕನ್ ಗಿಟಾರಿಗೆ ಮರುಬಣ್ಣ ಹೊಡೆದರೆ ಬೆಲೆ ಅರ್ಧಕ್ಕೆ ಬಿತ್ತು ಅನ್ನೋದು ವ್ಯಾಪಾರಿಗಳ ರೂಢಿಯ ಲೆಕ್ಕ. ತಮಾಷೆ ಅಂದ್ರೆ, ಅದೇ ಫೆಂಡರ್ ಕಂಪನಿ 1995ರಿಂದ ಹೊಸ ಗಿಟಾರನ್ನೇ ಗೀರಿ, ಕೆರೆದು, ತುಕ್ಕು ಹಿಡಿಸಿ ಹೆಚ್ಚಿನ ಬೆಲೆಗೆ ಮಾರುತ್ತಿದೆ. ಅಲ್ಲಿ ಹೊಸದನ್ನ ಹಳೇದು ಮಾಡೋಕೆ ದುಡ್ಡು, ಇಲ್ಲಿ ಹಳೇದನ್ನ ಹೊಸದು ಮಾಡೋಕೆ ದುಡ್ಡು :-)

ಬರೀ ಅಂದಚಂದದ ಜಗಳ ಆಗಿದ್ದರೆ ನಾನು ಇಷ್ಟು ಉದ್ದ ಕೊರೆಯುತ್ತಿರಲಿಲ್ಲ. ಪರಿಚಯದ ಹುಡುಗನೊಬ್ಬ ಇಂಥಾ "ಲೈಕ್ ನ್ಯೂ" ಗಿಟಾರು ಕೊಂಡ. ನೀಲಿ ಬಣ್ಣ, ಕನ್ನಡಿ ಹಾಗೆ. ಆಂಪ್ಲಿಫೈಯರಿಗೆ ಹಾಕಿದರೆ ಗುಂಯ್ ಅಂತ ಸದ್ದು, ತಂತಿ ಮುಟ್ಟಿದರೂ ಕಮ್ಮಿ ಆಗ್ತಿಲ್ಲ. ಮಾರಿದವನಿಗೆ ಫೋನ್ ಮಾಡಿದರೆ ಆ ಮಹಾನುಭಾವ ಕೊಟ್ಟ ಸಲಹೆ: ಆಂಪಿನ ಪ್ಲಗ್ಗಿನ ಮೂರನೇ ಪಿನ್ನು ಕಿತ್ತುಹಾಕು! ಹಿಂದಿನ ಮುಚ್ಚಳ ಬಿಚ್ಚಿ ನೋಡಿದೆವು. ಸ್ಪ್ರಿಂಗುಗಳನ್ನು ಹಿಡಿದಿರುವ ಲೋಹದ ಪಟ್ಟಿಗೆ ಬೆಸೆದಿರಬೇಕಾದ ಅರ್ತಿಂಗ್ ವೈರು ಗಾಳಿಯಲ್ಲಿ ನೇತಾಡ್ತಿತ್ತು. ಪೇಂಟ್ ಮಾಡುವಾಗ ಕತ್ತರಿಸಿದ್ದು, ವಾಪಸ್ ಬೆಸೆಯುವಷ್ಟು ವ್ಯವಧಾನ ಇರಲಿಲ್ಲ. ಎರಡು ನಿಮಿಷದ ಬೆಸುಗೆಗೆ ಗುಂಯ್‌ಗುಡೋದು ಅಡಗಿತು.

ಆ ಮೂರನೇ ಪಿನ್ನಿನ ಸಲಹೆಯನ್ನು ಮಾತ್ರ ನಗಾಡಿ ಬಿಡೋ ಹಾಗಿಲ್ಲ. ಗಿಟಾರಿನ ತಂತಿ, ಆಂಪಿನ ಲೋಹದ ಚಾಸಿ ಎರಡೂ ಒಂದೇ ವೈರಿನಲ್ಲಿ ಕೂಡಿರುತ್ತವೆ. ಆಂಪಿನೊಳಗೆ ಕರೆಂಟು ಸೋರಿ ಚಾಸಿಗೆ ಬಂದಾಗ ಅದನ್ನು ನೆಲಕ್ಕೆ ಒಯ್ಯಲು ಇರೋದು ಆ ಮೂರನೇ ಪಿನ್ನೇ. ಅದಿಲ್ಲದಿದ್ದರೆ ದಾರಿ ನಿಮ್ಮ ಬೆರಳು, ಎದೆ, ಬರಿಗಾಲು. ಸ್ಟೋನ್ ದಿ ಕ್ರೋಸ್ ಬ್ಯಾಂಡಿನ ಲೆಸ್ ಹಾರ್ವಿ 1972ರಲ್ಲಿ ಸ್ವಾನ್ಸಿಯ ವೇದಿಕೆ ಮೇಲೆ ಅರ್ತಿಂಗ್ ಇಲ್ಲದ ಮೈಕ್ ಮುಟ್ಟಿ ಸತ್ತ. ಯಾರ್ಡ್‌ಬರ್ಡ್ಸ್‌ನಲ್ಲಿ ಹಾಡುತ್ತಿದ್ದ ಕೀತ್ ರೆಲ್ಫ್ 1976ರಲ್ಲಿ ತನ್ನ ಮನೆಯಲ್ಲೇ ಗಿಟಾರು ನುಡಿಸುತ್ತಾ ಶಾಕ್ ಹೊಡೆದು ಹೋದ. ಎರಡು ಪಿನ್ನಿನ ಎಕ್ಸ್‌ಟೆನ್ಷನ್ ಬಾಕ್ಸು, ಒದ್ದೆ ನೆಲದ ಗಣಪತಿ ಪೆಂಡಾಲು ಇರುವ ನಮ್ಮೂರಲ್ಲಿ ಹದಿನಾರು ವರ್ಷದ ಹುಡುಗನಿಗೆ ಪಿನ್ನು ಕಿತ್ತುಹಾಕು ಅನ್ನೋ ಬಾಯಿಗೆ ಏನು ಹೇಳಬೇಕು?

ನಿಮ್ಮ ಮನೇಲಿ ಯಾರಾದರೂ ಸೆಕೆಂಡ್ ಹ್ಯಾಂಡ್ ಗಿಟಾರು ಕೊಳ್ಳೋಕೆ ಹೊರಟಿದ್ದರೆ ಸ್ಕ್ರೂಡ್ರೈವರ್ ಜೇಬಲ್ಲಿಟ್ಟುಕೊಂಡು ಜೊತೆಗೆ ಹೋಗಿ. ಸ್ಟ್ರಾಟ್ ಕಾಪಿಯಾದರೆ ಹಿಂಬದಿಯ ಪ್ಲಾಸ್ಟಿಕ್ ಮುಚ್ಚಳಕ್ಕೆ ಸಾಮಾನ್ಯವಾಗಿ ಆರು ಸ್ಕ್ರೂ ಇರುತ್ತೆ. ಬಿಚ್ಚಿ ತೋರಿಸಿ ಅನ್ನಿ. "ಬಣ್ಣ ಗೀರಿಹೋಗುತ್ತೆ ಸಾರ್" ಅಂದರೆ ಪಕ್ಕದಲ್ಲಿ ಗೀರು ಬಿದ್ದು, ಧೂಳು ಹಿಡಿದು ಕೂತಿರೋದರ ರೇಟು ಕೇಳಿ.