ಕೀಮೋ ನಂತರದ ಮೈಕೈ ನೋವು: ಸಹಿಸುವುದೇ ಮದ್ದಲ್ಲ

ಗಂಗಾವತಿ ಸೀಮೆಯಲ್ಲಿ ಮೈಕೈ ನೋವು ಯಾರಿಗೂ ಹೊಸದಲ್ಲ. ದಿನವಿಡೀ ಬಗ್ಗಿ ಭತ್ತದ ನಾಟಿ ಮಾಡಿದವರಿಗೆ ಸೊಂಟ ಹಿಡಿಯುತ್ತದೆ. ಎಣ್ಣೆ ತಿಕ್ಕಿ ಬಿಸಿನೀರು ಹಾಕಿಕೊಂಡು ಮಲಗುತ್ತಾರೆ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲೋ ಹುಬ್ಬಳ್ಳಿಯಲ್ಲೋ ಕೀಮೋಥೆರಪಿ ಪಡೆದು ಬಂದವರಿಗೆ ತೊಡೆ, ಮೊಣಕಾಲು ನೋಯತೊಡಗಿದರೂ ಮನೆಯವರು ‘ಬಸ್ಸಿನ ಆಯಾಸ’ ಎಂದುಕೊಳ್ಳುವುದುಂಟು. ಇಲ್ಲವೇ ‘ರೋಗ ಎಲುಬಿಗೂ ಹಬ್ಬಿತು’ ಎಂದು ಕಂಗಾಲಾಗುತ್ತಾರೆ.

ಎಷ್ಟೋ ಸಲ ಇವೆರಡೂ ಅಲ್ಲ, ಅದು ಔಷಧಿಯ ಅಡ್ಡಪರಿಣಾಮ. ಸ್ತನ ಹಾಗೂ ಅಂಡಾಶಯದ ಕ್ಯಾನ್ಸರಿಗೆ ಕೊಡುವ ಪ್ಯಾಕ್ಲಿಟ್ಯಾಕ್ಸೆಲ್‌ನಿಂದ ಈ ನೋವು ಸಾಮಾನ್ಯವಾಗಿ 2-3ನೇ ದಿನ ಶುರುವಾಗಿ, ಸುಮಾರು ಒಂದು ವಾರದಲ್ಲಿ ಇಳಿಯುತ್ತದೆ. ಬಿಳಿ ರಕ್ತಕಣ ಹೆಚ್ಚಿಸುವ ಚುಚ್ಚುಮದ್ದಿನಿಂದ ಎಲುಬು ನೋಯಬಹುದು. ಕೀಮೋ ಮುಗಿದ ಮೇಲೆ ಸ್ತನ ಕ್ಯಾನ್ಸರಿಗೆ ನುಂಗುವ ಲೆಟ್ರೊಜೋಲ್‌ನಂಥ ಗುಳಿಗೆಯಿಂದ ಕೀಲುಗಳು ಬಿಗಿಯಬಹುದು. ಇದು ಬಹುಕಾಲ ಕಾಡುವುದೂ ಉಂಟು. ದಿನವೂ ಹಿತವಾಗಿ ನಡೆದಾಡಿದರೆ ಇದು ತಗ್ಗಬಹುದು.

ತೊಂದರೆ ಇರುವುದು ನಮ್ಮ ಸ್ವಂತ ವೈದ್ಯದಲ್ಲಿ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಡೈಕ್ಲೋಫೆನಾಕ್‌ನಂಥ ಗುಳಿಗೆ, ಕೀಮೋದಿಂದ ಪ್ಲೇಟ್‌ಲೆಟ್ ಇಳಿದವರಲ್ಲಿ ರಕ್ತಸ್ರಾವಕ್ಕೆ ದಾರಿ ಮಾಡೀತು; ಮೂತ್ರಪಿಂಡಕ್ಕೂ ಪೆಟ್ಟು ಕೊಟ್ಟೀತು. ಪ್ಯಾರಾಸಿಟಮಾಲ್ ಕೂಡ ಜ್ವರವನ್ನು ಮರೆಮಾಚುತ್ತದೆ. ಆದ್ದರಿಂದ ಗುಳಿಗೆಗೆ ಮೊದಲು ಥರ್ಮಾಮೀಟರ್ ಇಡಿ. 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಿ. ಬೆನ್ನುನೋವಿನ ಜತೆ ಕಾಲಿನ ಶಕ್ತಿ ಕುಂದಿದರೆ, ಮೂತ್ರ ಕಟ್ಟಿದರೆ ಅಥವಾ ಒಂದೇ ಕಾಲು ಬಾತರೆ, ಆಗಲೂ ತಡ ಸಲ್ಲದು. ಕೊಪ್ಪಳದ ವೈದ್ಯಕೀಯ ಕಾಲೇಜು ಆಸ್ಪತ್ರೆ ಬೆಂಗಳೂರಿಗಿಂತ ಹತ್ತಿರ. ಚಿಕಿತ್ಸೆಯ ಕಾಗದಗಳನ್ನು ಮರೆಯದೆ ಒಯ್ಯಿರಿ.

ನಮ್ಮ ಹೆಣ್ಣುಮಕ್ಕಳು ನೋವನ್ನು ನುಂಗಿಕೊಳ್ಳುವುದರಲ್ಲಿ ಪಳಗಿದವರು. ‘ಡಾಕ್ಟರಿಗೆ ಇಷ್ಟಕ್ಕೆಲ್ಲ ಯಾಕೆ ಹೇಳೋದು’ ಎನ್ನುತ್ತಾರೆ. ಕೊನೆಗೆ ತಾಳಲಾರದೆ ಮುಂದಿನ ಸರದಿಗೆ ಹೋಗುವುದನ್ನೇ ಬಿಟ್ಟರೆ, ಅದುವರೆಗಿನ ಕಷ್ಟವೆಲ್ಲ ವ್ಯರ್ಥವಾದೀತು. ಹೇಳಿದರೆ ವೈದ್ಯರು ನೋವಿನ ಗುಳಿಗೆ ಕೊಡಬಲ್ಲರು, ಔಷಧಿಯ ಪ್ರಮಾಣವನ್ನೋ ಕ್ರಮವನ್ನೋ ಬದಲಿಸಬಲ್ಲರು.

ಆದರೆ ಹೊಣೆಯೆಲ್ಲ ರೋಗಿಯದೇ ಅಲ್ಲ. ಯಾವ ದಿನ ನೋವು ಬರಬಹುದು, ಯಾವ ಗುಳಿಗೆ ನುಂಗಬೇಕು, ಯಾವುದು ಬೇಡ, ರಾತ್ರಿ ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆದ ಒಂದು ಹಾಳೆಯನ್ನು ಆಸ್ಪತ್ರೆಗಳು ಪ್ರತಿ ರೋಗಿಯ ಕೈಗೂ ಕೊಡಬೇಕು. ಲಕ್ಷಗಟ್ಟಲೆ ಖರ್ಚಿನ ಚಿಕಿತ್ಸೆಯಲ್ಲಿ ಒಂದು ಹಾಳೆ ಭಾರವೇನಲ್ಲ. ಕೊಡದಿದ್ದರೆ ನೀವೇ ಕೇಳಿ ಬರೆಸಿಕೊಳ್ಳಿ.